ಲವಂಗವೂ ಆಪ್ತವಾಕ್ಯವೂ

ಕಳೆದ ಕಾರ್ತಿಕ ಮಾಸದಲ್ಲಿ, ಎಂದರೆ 2025ನೆಯ ಇಸವಿಯ ನವಂಬರಿನಲ್ಲಿ, ನಮ್ಮ ನಡುಮನೆಯು ಹತ್ತು ಹನ್ನೆರಡು ದಿನ ದಿನಸಿನ ಅಂಗಡಿಯಂತಾಗಿದ್ದಿತು. ಅಮೆರಿಕಾದಲ್ಲಿರುವ ನಮ್ಮ ಮಗಳಿಗೆ ಆಗತಾನೆ ಹೆರಿಗೆಯಾಗಿತ್ತು. ಅಷ್ಟು ದೂರ ಪ್ರಯಾಣಮಾಡುವ ದೇಹಶಕ್ತಿ ನನಗೂ ಇಲ್ಲ, ನನ್ನ ಗೃಹಿಣಿಗೂ ಇಲ್ಲ. ಆದುದರಿಂದ ಅವಳು ತಾನು ಹೋಗಲಾರದಿದ್ದರೂ ಬಾಣಂತಿಯ ಖಾರವನ್ನಾದರೂ ಕಳುಹಿಸುವೆನೆಂದು ನಿಶ್ಚಯಿಸಿದಳು. ಮೆಣಸು, ಹಿಪ್ಪಲಿ, ಒಣಶುಂಠಿ, ಓಮ, ಜಾಯಿಕಾಯಿ, ಜಾಪತ್ರೆ, ಲವಂಗ ಇವೆಲ್ಲವೂ ಮೊರಗಳಲ್ಲಿ ಹರಡಿ ಬಿಸಿಲು ಕಂಡವು. ಆ ದೇಶಕ್ಕೆ ಹೊರಟಿದ್ದ ನೆರೆಮನೆಯವರ ಮಗನು ತನ್ನ ಪೆಟ್ಟಿಗೆಯಲ್ಲಿ ಎರಡು ಕಿಲೋ ಭಾರಕ್ಕೆ ಎಡೆಕೊಡುವೆನೆಂದು ಒಪ್ಪಿಕೊಂಡಿದ್ದನು. ಪೊಟ್ಟಣಗಳ ಮೇಲೆ ಚೀಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತು. ಮೂವತ್ತು ವರ್ಷಕ್ಕೂ ಮಿಕ್ಕಿ ಹಾಜರಿ ಪುಸ್ತಕ ಬರೆದ ಕೈಯಿದು, ಬೇರೆ ಯಾವುದಕ್ಕೂ ಉಪಯೋಗವಿಲ್ಲವೆಂದು ಮನೆಯಾಕೆಯ ಅಭಿಪ್ರಾಯ. ಅವಳು ಹೇಳಿದಂತೆಯೇ ಒಂದರ ಮೇಲೆ “ಲವಂಗ, ಮಾವನ ತೋಟದ್ದು” ಎಂದು ಬರೆದೆನು. ಘಟ್ಟದ ಕೆಳಗೆ ಅವಳ ಅಣ್ಣನ ಅಡಿಕೆ ತೋಟದಲ್ಲಿ ಎರಡು ಲವಂಗದ ಮರಗಳಿರುವುವು.

ಆ ರಾತ್ರಿಯೇ ಮಗಳು ದೂರವಾಣಿಯಲ್ಲಿ ಮಾತನಾಡಿದಳು. “ಅಪ್ಪಯ್ಯ, ಲವಂಗ ಒಂದು ಬೇಡವೇನೋ. ಎಲ್ಲಿಂದಲೋ ಬಂದ ಲವಂಗದಲ್ಲಿ ವಿಕಿರಣ ಇತ್ತು ಅಂತ ಇಲ್ಲಿಯ ಪತ್ರಿಕೆಯಲ್ಲಿ ಓದಿದೆ. ಹಾಲು ಕುಡಿಯುವ ಮಗು ನೋಡಿ. ಆದರೂ ನೀವು ಒಳ್ಳೇದು ಅಂತ ಹೇಳಿದರೆ ಹಾಕಿಕೊಳ್ಳುತ್ತೇನೆ” ಎಂದಳು.

‘ನೀವು ಹೇಳಿದರೆ’ ಎಂಬ ಮಾತು ನನ್ನ ಕಿವಿಯಲ್ಲಿ ಉಳಿಯಿತು. ನಾನು ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನು. ಪರಮಾಣುಗಳ ವಿಚಾರದಲ್ಲಿ ನನಗೆ ತಿಳಿದುದು ಕಣಾದ ಮುನಿಯ ಕಾಲಕ್ಕೇ ನಿಂತುಹೋಗಿದೆ. ಹುಡುಗನು ಹೊರಡುವುದಕ್ಕೆ ಇನ್ನೂ ಹನ್ನೆರಡು ದಿನಗಳಿದ್ದುವು. ಅಷ್ಟರಲ್ಲಿ, ತಿಳಿದವರನ್ನು ಕೇಳಿಯೂ ಓದಿಯೂ ಈ ವಿಷಯವನ್ನು ನನ್ನ ಶಕ್ತಿಗೆ ಎಟಕುವಷ್ಟು ಅರಿತುಕೊಂಡೆನು. ವಾಚಕರಲ್ಲಿ ಅನೇಕರ ಮಕ್ಕಳು ಹೊರದೇಶಗಳಲ್ಲಿರುವುದರಿಂದ ಅದನ್ನಿಲ್ಲಿ ನಿವೇದಿಸಿದರೆ ಅನುಚಿತವಾಗಲಾರದೆಂದು ಭಾವಿಸುತ್ತೇನೆ.

2025ನೆಯ ಆಗಸ್ಟಿನಲ್ಲಿ ಇಂಡೊನೇಷ್ಯಾದಿಂದ ಅಮೆರಿಕಾಕ್ಕೆ ಬಂದ ಕೆಲವು ಕಂಟೇನರುಗಳಲ್ಲಿ ಸೀಸಿಯಂ-137 ಎಂಬ ವಿಕಿರಣ ವಸ್ತುವಿರುವುದಾಗಿ ಪ್ರಕಟವಾಯಿತು. ಲಾಸ್ ಏಂಜಲೀಸ್, ಹ್ಯೂಸ್ಟನ್, ಸವಾನಾ, ಮಯಾಮಿ ಎಂಬ ನಾಲ್ಕು ಬಂದರುಗಳಲ್ಲಿ ಸುಂಕದವರ ಯಂತ್ರಗಳಿಗೆ ಅದರ ಸುಳಿವು ಸಿಕ್ಕಿದ್ದಿತು. ಅಂತಹ ಯಂತ್ರಗಳನ್ನು ಬಂದರುಗಳಲ್ಲಿ ನಿಲ್ಲಿಸಿದುದು ಅಣ್ವಸ್ತ್ರದ ಸಾಮಗ್ರಿಯನ್ನು ಯಾರಾದರೂ ಕದ್ದು ಸಾಗಿಸಿಯಾರೆಂಬ ಭಯದಿಂದ. ಸಿಕ್ಕಿಬಿದ್ದುದು ಮಂಜಿನಲ್ಲಿಟ್ಟ ಸೀಗಡಿ! ಮುಂದಿನ ತಿಂಗಳು ಅದೇ ದೇಶದ ಬೇರೊಂದು ವ್ಯಾಪಾರ ಸಂಸ್ಥೆಯ ಲವಂಗದಲ್ಲಿಯೂ ಅದೇ ವಸ್ತು ಕಂಡುಬಂದಿತು. ಪರೀಕ್ಷಿಸಿದ ಮಾದರಿಯಲ್ಲಿ ಕಿಲೋಗ್ರಾಮಿಗೆ 732 ಬೆಕರೆಲ್ ಇದ್ದಿತಂತೆ. ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಅದು ಒಂದು ಬೆಕರೆಲ್.

ಸೀಸಿಯಂ-137 ಮಣ್ಣಿನಲ್ಲಿ ತಾನಾಗಿ ಇರತಕ್ಕ ವಸ್ತುವಲ್ಲ. ಯುರೇನಿಯಂ ಮೊದಲಾದವುಗಳ ಪರಮಾಣುವನ್ನು ಸೀಳಿದಾಗ ಹುಟ್ಟುವಂತಹದು. ಅಣ್ವಸ್ತ್ರಗಳ ಪರೀಕ್ಷೆಗಳಿಂದಲೂ, 1986ರಲ್ಲಿ ಚೆರ್ನೋಬಿಲಿನಲ್ಲಾದ ಅನಾಹುತದಿಂದಲೂ ಅದು ಲೋಕದಲ್ಲಿ ಹರಡಿತು. ಆಸ್ಪತ್ರೆಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಅದನ್ನು ಲೋಹದ ಸಂಪುಟಗಳಲ್ಲಿ ಮುಚ್ಚಿಟ್ಟು ಉಪಯೋಗಿಸುವರು. ಅದರ ಅರ್ಧಾಯುಷ್ಯ ಸುಮಾರು 30 ವರ್ಷ. ದೇಹವು ಅದನ್ನು ಪೊಟ್ಯಾಸಿಯಮೆಂದು ಭ್ರಮಿಸಿ ಮಾಂಸಖಂಡಗಳಿಗೆ ಸೇರಿಸಿಕೊಳ್ಳುತ್ತದೆ. ಇಂತಹ ಸಂಪುಟವು ಯಾರದೋ ಅಜಾಗ್ರತೆಯಿಂದ ಗುಜರಿಗೆ ಬಿದ್ದರೆ ಮುಂದಿನದು ದೈವಾಧೀನ. 1987ರಲ್ಲಿ ಬ್ರೆಜಿಲ್ ದೇಶದ ಗೊಯಾನಿಯಾ ಪಟ್ಟಣದಲ್ಲಿ ಹೀಗೆಯೇ ಆಗಿ ನಾಲ್ವರು ಸತ್ತರು. ನಮ್ಮ ದೆಹಲಿಯ ಮಾಯಾಪುರಿಯ ಗುಜರಿ ಪೇಟೆಯಲ್ಲಿ 2010ರಲ್ಲಿ ಇದರ ಜ್ಞಾತಿಯಾದ ಕೋಬಾಲ್ಟ್-60 ಒಬ್ಬನ ಪ್ರಾಣ ತೆಗೆಯಿತು. ಇಂಡೊನೇಷ್ಯಾದ ಸೀಗಡಿಯ ಜಾಡನ್ನು ಹಿಡಿದು ಹೋದವರು ತಲುಪಿದುದು ಜಾವಾದ್ವೀಪದ ಚಿಕಾಂಡೆ ಎಂಬ ಕೈಗಾರಿಕಾ ಪ್ರದೇಶವನ್ನು. ಅಲ್ಲಿಯ ಸಂಶಯವೂ ಹಳೆಯ ಲೋಹವನ್ನು ಕರಗಿಸುವ ಕುಲುಮೆಯ ಮೇಲೆಯೇ ಬಿದ್ದಿತು.

ಇದನ್ನೆಲ್ಲ ಓದಿ ಹೇಳಿದಾಗ ನನ್ನ ಗೃಹಿಣಿಯು ಅಕ್ಕಿಯಲ್ಲಿ ಕಲ್ಲನ್ನು ಆರಿಸುತ್ತ, “ಅವರ ಲೆಕ್ಕದಲ್ಲಿ ಎಷ್ಟಿದ್ದರೆ ಅಪಾಯವಂತೆ?” ಎಂದು ಕೇಳಿದಳು. 1200 ದಾಟಿದರೆ ಸರ್ಕಾರವು ಕೈಹಾಕಲೇಬೇಕೆಂದು ಗೊತ್ತುಮಾಡಿರುವರು ಎಂದೆನು. “ಇದ್ದದ್ದು?” 732 ಎಂದೆನು. “ಹಾಗಾದರೆ ತಡೆದದ್ದು ಏಕೆ? ಪಾಸಾಗುವಷ್ಟು ಅಂಕ ಬಂದ ಹುಡುಗನನ್ನು ನೀವು ಫೇಲು ಮಾಡಿದ್ದರೆ ಊರಿನವರು ಸುಮ್ಮನೆ ಇರುತ್ತಿದ್ದರೇ?”

ಪ್ರಶ್ನೆಯು ನ್ಯಾಯವಾದುದೇ. ನಾನು ಲೆಕ್ಕ ಹಾಕಿ ನೋಡಿದೆನು. ಆ ಲವಂಗದ ಒಂದು ಗ್ರಾಮಿನಲ್ಲಿ ಸೆಕೆಂಡಿಗೆ ಒಂದು ಪರಮಾಣುವೂ ಪೂರ್ತಿ ಒಡೆಯುವುದಿಲ್ಲ. ಆದರೆ ನಮ್ಮ ದೇಹದಲ್ಲಿ ಹುಟ್ಟಿನಿಂದಲೇ ಇರುವ ಪೊಟ್ಯಾಸಿಯಮಿನಲ್ಲಿ ಸೆಕೆಂಡಿಗೆ ನಾಲ್ಕು ಸಾವಿರದಷ್ಟು ಪರಮಾಣುಗಳು ಒಡೆಯುತ್ತಲೇ ಇರುವುವು. ಒಂದು ಸಾರಿ ತಿಂದ ಮಾತ್ರಕ್ಕೆ ಯಾರಿಗೂ ಏನೂ ಆಗದೆಂಬುದು ಸ್ಪಷ್ಟ. ಎಫ್.ಡಿ.ಎ. ಎಂದು ಕರೆಯುವ ಅಲ್ಲಿಯ ಆಹಾರ ಮತ್ತು ಔಷಧ ಇಲಾಖೆಯವರು ಕೊಟ್ಟ ಸಮಾಧಾನ ಬೇರೆ. ಅಲ್ಪಪ್ರಮಾಣವಾದರೂ ಬಹುಕಾಲ ದೇಹಕ್ಕೆ ಸೇರುತ್ತಿದ್ದರೆ ಅರ್ಬುದರೋಗದ ಸಂಭವವು ಹೆಚ್ಚುವುದು. ಮೇಲಾಗಿ ಇರಬಾರದ ವಸ್ತು ಇದೆಯೆಂದರೆ ಅದನ್ನು ಸಿದ್ಧಪಡಿಸಿದ ಎಡೆಯೇ ಕೆಟ್ಟಿದೆಯೆಂದು ಅರ್ಥ. ಮುಂದಿನ ಮೂಟೆಯಲ್ಲಿ ಎಷ್ಟಿರುವುದೋ ಬಲ್ಲವರಾರು? ಇದನ್ನು ಕೇಳಿ ಅವಳು, “ಸರಿ, ಹಾಲಿಗೆ ನೊಣ ಬಿದ್ದ ಹಾಗೆ. ನೊಣ ಎಷ್ಟು ತೂಕ ಎಂದು ಯಾರೂ ಕೇಳುವುದಿಲ್ಲ” ಎಂದು ಮೊರವನ್ನು ಕೊಡವಿದಳು. ಇಲಾಖೆಯವರ ಮೂರು ಪುಟಗಳಿಗಿಂತ ಇದೇ ನನಗೆ ಚೆನ್ನಾಗಿ ಅರ್ಥವಾಯಿತು.

ಲವಂಗವು ಕಡಲು ದಾಟಿ ಬರುವುದು ಹೊಸತಲ್ಲ. ರಘುವಂಶದ ಆರನೆಯ ಸರ್ಗದಲ್ಲಿ, ಇಂದುಮತಿಯ ಸ್ವಯಂವರ ಪ್ರಸಂಗದಲ್ಲಿ, ಸುನಂದೆಯು ಕಳಿಂಗರಾಜನನ್ನು ತೋರಿಸುತ್ತ, ಅವನ ಸಮುದ್ರತೀರದಲ್ಲಿ ದ್ವೀಪಾಂತರಗಳಿಂದ ಲವಂಗಪುಷ್ಪಗಳನ್ನು ಹೊತ್ತುತರುವ ಗಾಳಿಯು ಬೆವರನ್ನು ಆರಿಸುವುದೆಂದು ಆಸೆ ಹುಟ್ಟಿಸುವಳು. ಕಾಳಿದಾಸನ ಕಾಲದ ವರ್ತಕನಿಗೆ ಆ ದ್ವೀಪದ ಲವಂಗಕ್ಕೆ ಯಾವ ಪತ್ರವೂ ಬೇಕಿರಲಿಲ್ಲ. ಉಗುರಿನಿಂದ ಒತ್ತಿದರೆ ಎಣ್ಣೆ ಜಿನುಗಬೇಕು. ನೀರಿಗೆ ಹಾಕಿದರೆ ಮುಳುಗಬೇಕು, ಇಲ್ಲವೆ ತಲೆಯೆತ್ತಿ ನೆಟ್ಟಗೆ ನಿಲ್ಲಬೇಕು. ಎಣ್ಣೆ ಹಿಂಡಿತೆಗೆದ ಕಪಟದ ಲವಂಗವಾದರೆ ಅಡ್ಡವಾಗಿ ತೇಲುವುದು. ಈಗಲೂ ನಮ್ಮ ಮನೆಯಲ್ಲಿ ನಡೆಯುವ ಪರೀಕ್ಷೆ ಇದೇ. ಇದು ಪ್ರತ್ಯಕ್ಷ ಪ್ರಮಾಣ. ಆದರೆ ಸೀಸಿಯಮಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಅದನ್ನು ಹೊತ್ತ ಲವಂಗವೂ ನೀರಿನಲ್ಲಿ ಸಾಧುವಿನಂತೆಯೇ ನೆಟ್ಟಗೆ ನಿಂತೀತು. ಪಂಚೇಂದ್ರಿಯಗಳೂ ಸೋತ ಎಡೆಯಲ್ಲಿ ಮನುಷ್ಯನಿಗೆ ಉಳಿಯುವುದು ನೋಡಿದವನೊಬ್ಬನ ಮಾತು ಮಾತ್ರ. ತಾರ್ಕಿಕರು ಅದನ್ನು ಶಬ್ದಪ್ರಮಾಣವೆನ್ನುವರು. ಈ ಪ್ರಮಾಣಪತ್ರವೆಂಬುದು ಮುದ್ರೆಯೊತ್ತಿದ ಶಬ್ದಪ್ರಮಾಣವಲ್ಲದೆ ಬೇರೇನು?

ಅಮೆರಿಕಾದವರು ಕೈಗೊಂಡ ಉಪಾಯವೂ ಅದೇ. 2011ರಲ್ಲಿ ಅಲ್ಲಿ ಜಾರಿಗೆ ಬಂದ ಆಹಾರ ಸುರಕ್ಷತೆಯ ಕಾಯಿದೆಯು, ಅಪಾಯವುಂಟೆಂದು ಕಂಡ ಹೊರದೇಶದ ಪದಾರ್ಥಕ್ಕೆ ಪ್ರಮಾಣಪತ್ರ ಬೇಕೆಂದು ವಿಧಿಸುವ ಅಧಿಕಾರವನ್ನು ಇಲಾಖೆಗೆ ಕೊಟ್ಟಿದ್ದಿತು. ಆ ಅಧಿಕಾರವು ಹದಿನಾಲ್ಕು ವರ್ಷ ಕಪಾಟಿನಲ್ಲಿದ್ದು, 2025ರ ಅಕ್ಟೋಬರ್ 31ರಿಂದ ಮೊಟ್ಟಮೊದಲ ಬಾರಿಗೆ ಬಳಕೆಗೆ ಬಂದಿತು. ಜಾವಾದ್ವೀಪ ಮತ್ತು ಸುಮಾತ್ರಾದ ಲಾಂಪುಂಗ್ ಪ್ರಾಂತಗಳಿಂದ ಹೋಗುವ ಸೀಗಡಿಗೂ ಸಾಂಬಾರ ಜಿನಸುಗಳಿಗೂ, ಒಂದೊಂದು ಸಾಗಣೆಗೂ, ಸೀಸಿಯಂ ಇಲ್ಲವೆಂದು ಪರೀಕ್ಷಿಸಿದ ಪತ್ರ ಜೊತೆಗಿರತಕ್ಕದ್ದು. ಸೋಂಕು ಕಂಡುಬಂದ ಸಂಸ್ಥೆಗಳು ಕೆಂಪು ಪಟ್ಟಿಯಲ್ಲಿ. ಅವು ಮೊದಲು ಹೊರಗಿನ ಪರೀಕ್ಷಕರನ್ನು ತಮ್ಮ ಕೊಠಾರಗಳಿಗೆ ಬಿಟ್ಟುಕೊಂಡು ತಮ್ಮ ಶುದ್ಧಿಯನ್ನು ತೋರಿಸಬೇಕು. ಆ ಸೀಮೆಯ ಉಳಿದವರೆಲ್ಲ ಹಳದಿ ಪಟ್ಟಿಯಲ್ಲಿ. ಪತ್ರವನ್ನು ಮಾರುವವನು ಬರೆದುಕೊಂಡರೆ ಸಲ್ಲದು. ಇಲಾಖೆಯು ಮನ್ನಿಸಿದ ಸಂಸ್ಥೆಯೇ ಕೊಡಬೇಕು. ತನ್ನ ಸರಕಿಗೆ ತಾನೇ ಸಾಕ್ಷಿಯಾಗಕೂಡದೆಂಬ ಈ ಅಂಶವೇ ಇಡೀ ನಿಯಮದ ಸಾರವೆಂದು ನನ್ನ ಅಲ್ಪಮತಿಗೆ ತೋರುತ್ತದೆ. ಎಲ್ಲಿಯೋ ಒಂದು ಕುಲುಮೆ ಕೆಟ್ಟುದಕ್ಕೆ ದ್ವೀಪದಲ್ಲಿ ಜಾಯಿಕಾಯಿ ಒಣಗಿಸುವ ನಿರಪರಾಧಿಯೂ ಪತ್ರಕ್ಕಾಗಿ ಕಾಯಬೇಕಾದುದು ಕಷ್ಟವೇ ಸರಿ. ಇನ್ನೊಂದು ಮಾತು: ಆ ದೇಶದ ಲವಂಗದಲ್ಲಿ ಹೆಚ್ಚಿನ ಪಾಲು ಅಲ್ಲಿಯೇ ಕ್ರೆಟೆಕ್ ಎಂಬ ಸಿಗರೇಟಿನಲ್ಲಿ ಸುಟ್ಟುಹೋಗುವುದು. ಅಮೆರಿಕಾದ ಪತ್ರವು ಕಡಲು ದಾಟುವ ಮೂಟೆಯನ್ನು ಕಾಯುವುದೇ ಹೊರತು ಮನೆಯಲ್ಲಿ ಉಳಿದ ಮೂಟೆಯನ್ನಲ್ಲ.

ನಾವು ಇದನ್ನು ದೂರದವರ ಕಥೆಯೆಂದು ಕೇಳಿ ಸುಮ್ಮನಿರುವಂತಿಲ್ಲ. 2003ರಲ್ಲಿ ನಮ್ಮ ದೇಶದಿಂದ ಹೋದ ಮೆಣಸಿನಕಾಯಿಯ ಸರಕಿನಲ್ಲಿ ಸೂಡಾನ್ ಎಂಬ ಕೆಂಪು ಬಣ್ಣವು ಫ್ರಾನ್ಸಿನಲ್ಲಿ ಸಿಕ್ಕಿಬಿದ್ದಿತು. ಮೇಣಕ್ಕೂ ಬೂಟಿನ ಪಾಲಿಷಿಗೂ ಹಾಕುವ ಬಣ್ಣವದು. ಬಣ್ಣಕ್ಕೇ ಹೆಸರಾದ ಬ್ಯಾಡಗಿ ಮೆಣಸಿನಕಾಯಿಯ ನಾಡಿನವರಾದ ನಮಗೆ ಇದಕ್ಕಿಂತ ನಾಚಿಕೆ ಬೇಕೇ? ಆ ವರ್ಷವೇ ಯುರೋಪಿನವರು ಮೆಣಸಿನಕಾಯಿಯ ಪ್ರತಿಯೊಂದು ಸರಕಿಗೂ ಪರೀಕ್ಷಾಪತ್ರ ಬೇಕೆಂದರು. ಕೊಚ್ಚಿಯಲ್ಲಿರುವ ನಮ್ಮ ಸಾಂಬಾರ ಮಂಡಳಿಯವರೂ ರಫ್ತಾಗುವ ಮೆಣಸಿನಕಾಯಿಯನ್ನು ಕಡ್ಡಾಯವಾಗಿ ಪರೀಕ್ಷಿಸತೊಡಗಿದರು. ಹಾಗಿದ್ದರೂ ಮೊದಲೇ ಬೆರೆತುಹೋದುದರ ಫಲವಾಗಿ 2005ರಲ್ಲಿ ಬ್ರಿಟನ್ನಿನ ಅಂಗಡಿಗಳಿಂದ ನಾನೂರಕ್ಕೂ ಮಿಕ್ಕ ಬಗೆಯ ತಿನಿಸುಗಳನ್ನು ಹಿಂದಕ್ಕೆ ತೆಗೆಯಬೇಕಾಯಿತು. 2024ರಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಪುರದವರು ನಮ್ಮ ಕೆಲವು ಮಸಾಲೆಪುಡಿಗಳಲ್ಲಿ ಎಥಿಲೀನ್ ಆಕ್ಸೈಡ್ ಇದೆಯೆಂದು ತಡೆದರು. ಕ್ರಿಮಿಗಳನ್ನು ಕೊಲ್ಲಲು ಹಾಯಿಸುವ ಅನಿಲ ಅದು. ಯುರೋಪಿನಲ್ಲಿ ಆಹಾರಕ್ಕೆ ಅದು ನಿಷಿದ್ಧ. ಅಮೆರಿಕಾದಲ್ಲಿ ಸಾಂಬಾರ ಜಿನಸುಗಳಿಗೆ ಹತ್ತು ಲಕ್ಷಕ್ಕೆ ಏಳು ಭಾಗದವರೆಗೆ ಸಮ್ಮತ. ಒಂದು ಕಡಲತೀರದಲ್ಲಿ ಶುದ್ಧಿಕಾರಕವಾದುದು ಇನ್ನೊಂದರಲ್ಲಿ ಮಾಲಿನ್ಯ! ಧರ್ಮಶಾಸ್ತ್ರದಲ್ಲಿ ದೇಶಾಚಾರಗಳನ್ನು ಓದಿದವನಿಗೆ ಇದರಲ್ಲಿ ಅಷ್ಟೇನೂ ಆಶ್ಚರ್ಯವಿಲ್ಲ.

ಪರೀಕ್ಷೆಯ ಕ್ರಮದಲ್ಲಿಯೂ ನನ್ನ ಒಂದು ನಂಬಿಕೆ ಕದಲಿತು. ಒಂದು ಅಗುಳನ್ನು ಹಿಸುಕಿ ನೋಡಿದರೆ ಪಾತ್ರೆಯ ಅನ್ನವೆಲ್ಲ ಬೆಂದುದು ತಿಳಿಯುವುದೆಂಬ ಸ್ಥಾಲೀಪುಲಾಕನ್ಯಾಯವನ್ನು ನಾನು ಎಷ್ಟೋ ವರ್ಷ ಮಕ್ಕಳಿಗೆ ಹೇಳಿದ್ದೆನು. ಮೆಣಸಿನಕಾಯಿ, ಜಾಯಿಕಾಯಿಗಳಲ್ಲಿ ಬೂಷ್ಟಿನಿಂದ ಹುಟ್ಟುವ ಅಫ್ಲಟಾಕ್ಸಿನ್ ವಿಷಕ್ಕೆ ಈ ನ್ಯಾಯ ಸಲ್ಲದು. ತೇವದಲ್ಲಿ ಬಿದ್ದ ಹತ್ತು ಕಾಯಿಗಳಲ್ಲಿ ವಿಷವೆಲ್ಲ ತುಂಬಿದ್ದು ಉಳಿದ ಸಾವಿರ ಕಾಯಿಗಳು ನಿರ್ಮಲವಾಗಿರಬಹುದು. ಯುರೋಪಿನವರ ಮಿತಿಯು ಕಿಲೋಗ್ರಾಮಿಗೆ ಒಟ್ಟು 10 ಮೈಕ್ರೋಗ್ರಾಮ್. ಆದುದರಿಂದ ರಾಶಿಯ ಅನೇಕ ಎಡೆಗಳಿಂದ ತೆಗೆದು, ಕಲಸಿ, ಅರೆದು ನೋಡಬೇಕು. ಅನ್ನವು ಒಂದೇ ಬೆಂಕಿಯಲ್ಲಿ ಬೆಂದುದು. ಮೂಟೆಯು ನೂರು ಅಂಗಳಗಳಲ್ಲಿ ಒಣಗಿದುದು.

ಇನ್ನು ಆ ಪತ್ರಕ್ಕೆ ರುಜು ಹಾಕುವವನು ಎಂತಹವನಾಗಿರಬೇಕು? ಆಪ್ತನ ಉಪದೇಶವೇ ಶಬ್ದಪ್ರಮಾಣವೆಂದು ಗೌತಮನ ಸೂತ್ರ. ಆಪ್ತನೆಂದರೆ ಯಾರೆಂಬುದನ್ನು ಭಾಷ್ಯಕಾರನಾದ ವಾತ್ಸ್ಯಾಯನನು ಬಿಡಿಸಿ ಹೇಳುವನು: ವಸ್ತುವನ್ನು ತಾನೇ ಸಾಕ್ಷಾತ್ತಾಗಿ ಅರಿತಿರಬೇಕು, ಅರಿತುದನ್ನು ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯಿರಬೇಕು. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದೂ ಅವನೇ ಸೇರಿಸಿರುವನು. ಹುಡುಗನಾಗಿದ್ದಾಗ ಈ ಪಂಕ್ತಿಯನ್ನು ಕಂಠಪಾಠಮಾಡಿ ಒಪ್ಪಿಸಿದ್ದೆನೇ ಹೊರತು ಅದರ ಔದಾರ್ಯ ನನಗೆ ಹೊಳೆದಿರಲಿಲ್ಲ. ಜಾವಾದ ಪ್ರಯೋಗಶಾಲೆಯಲ್ಲಿ ಕುಳಿತು ಯಂತ್ರದ ಮುಳ್ಳನ್ನು ನೋಡಿ ಕಂಡಷ್ಟನ್ನೇ ಬರೆಯುವವನಿದ್ದರೆ, ಅವನ ಹೆಸರು ಕುಲಗಳೇನೇ ಆಗಿರಲಿ, ನನ್ನ ಮೊಮ್ಮಗುವಿನ ಪಾಲಿಗೆ ಅವನೇ ಆಪ್ತ.

ಇಷ್ಟು ಬರೆದಮೇಲೆ ಒಂದು ವಿಷಯವನ್ನು ಮುಚ್ಚಿಟ್ಟರೆ ಈ ಲೇಖನವೇ ಸುಳ್ಳಾಗುವುದು.

2015ರಲ್ಲಿ ನಾನೊಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪ್ರಭಾರ ಮುಖ್ಯೋಪಾಧ್ಯಾಯನಾಗಿದ್ದೆನು. ಮಧ್ಯಾಹ್ನದ ಬಿಸಿಯೂಟವನ್ನು ಮಕ್ಕಳಿಗೆ ಬಡಿಸುವ ಮೊದಲು ಉಪಾಧ್ಯಾಯರು ರುಚಿನೋಡಿ ವಹಿಯಲ್ಲಿ ರುಜುಮಾಡಬೇಕೆಂಬ ವಿಧಿ ಇದ್ದಿತು. 2013ರ ಜುಲೈಯಲ್ಲಿ ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರಲ್ಲಿ ಕೀಟನಾಶಕ ಸೇರಿದ ಊಟದಿಂದ 23 ಮಕ್ಕಳು ಸತ್ತಂದಿನಿಂದ ಈ ವಿಧಿಯ ಬಗ್ಗೆ ಎಲ್ಲರಿಗೂ ಭಯವಿದ್ದಿತು. ನನಗೂ ಆರು ತಿಂಗಳು ಇದ್ದಿತು. ಅನಂತರ ಅಭ್ಯಾಸ ಬಲಿಯಿತು. ಶನಿವಾರ ಕುಳಿತು ವಾರದ ರುಜುಗಳನ್ನೆಲ್ಲ ಒಮ್ಮೆಗೇ ಹಾಕುತ್ತಿದ್ದೆನು. ನಾನು ಏಕಾದಶಿಯ ದಿನ ನೀರನ್ನು ಬಿಟ್ಟು ಏನನ್ನೂ ಮುಟ್ಟತಕ್ಕವನಲ್ಲ. ಆ ವಹಿಯಲ್ಲಿ ಏಕಾದಶಿಯ ದಿನಗಳಲ್ಲಿಯೂ “ರುಚಿ ನೋಡಿದ್ದೇನೆ, ಉತ್ತಮವಾಗಿದೆ” ಎಂಬ ನನ್ನ ಬರಹವಿದೆ. ಪಂಚಾಂಗವನ್ನು ಪಕ್ಕದಲ್ಲಿಟ್ಟುಕೊಂಡು ವಹಿ ನೋಡುವ ಅಧಿಕಾರಿ ಯಾರೂ ಬರಲಿಲ್ಲ.

ಮಳೆಗಾಲದ ಒಂದು ದಿನ ಅಡಿಗೆಯಾಕೆ ನನ್ನ ಕೋಣೆಯ ಬಾಗಿಲಿಗೆ ಬಂದು, “ಮೇಷ್ಟ್ರೇ, ಇವತ್ತು ಬಂದ ಎಣ್ಣೆ ಯಾಕೋ ಬೇರೆ ಥರ ಇದೆ. ಒಂಚೂರು ಸಾರು ಬಾಯಿಗೆ ಹಾಕಿ ನೋಡ್ತೀರಾ?” ಎಂದಳು. ನಾನು ಯಾವುದೋ ಅಂಕಿ ಅಂಶದ ತಖ್ತೆ ತುಂಬುತ್ತಿದ್ದೆನು. ತಲೆಯೆತ್ತದೆ, “ಬಡಿಸಮ್ಮ, ಹೊತ್ತಾಯಿತು” ಎಂದೆನು. ಒಂದು ಗಂಟೆಯೊಳಗೆ ಹನ್ನೊಂದು ಮಕ್ಕಳಿಗೆ ವಾಂತಿಯಾಯಿತು. ಎಣ್ಣೆ ತಂದ ಡಬ್ಬಿಯಲ್ಲಿ ಹಿಂದೆ ಸೀಮೆಎಣ್ಣೆ ಇದ್ದಿತು. ದೇವರ ದಯದಿಂದ ಸಂಜೆಗೆ ಎಲ್ಲರೂ ಆಸ್ಪತ್ರೆಯಿಂದ ನಡೆದುಕೊಂಡೇ ಮನೆಗೆ ಹೋದರು. ನಾಲಗೆಯ ತುದಿಗೆ ಒಂದು ಹನಿ ಸೋಕಿದ್ದರೆ ಸಾಕಾಗಿತ್ತು. ಇಲ್ಲಿ ಪ್ರತ್ಯಕ್ಷಪ್ರಮಾಣಕ್ಕೆ ಯಾವ ಕೊರತೆಯೂ ಇರಲಿಲ್ಲ, ಯಂತ್ರವೂ ಬೇಕಿರಲಿಲ್ಲ.

ವಿಚಾರಣೆಗೆ ಬಂದವರು ವಹಿಯನ್ನು ನೋಡಿದರು. ಗಲಾಟೆಯ ನಡುವೆ ಆ ದಿನದ ರುಜುವನ್ನೂ ನಾನು ಹಾಕಿ ಮುಗಿಸಿದ್ದೆನು. ಮುಖ್ಯೋಪಾಧ್ಯಾಯರು ರುಚಿ ನೋಡಿದಾಗ ಆಹಾರವು ಉತ್ತಮವಾಗಿದ್ದಿತು, ಆದಕಾರಣ ದೋಷವು ಅನಂತರ ಅಡಿಗೆಮನೆಯಲ್ಲಿ ಸಂಭವಿಸಿದುದೆಂದು ತೀರ್ಮಾನವಾಯಿತು. ಆಕೆಯನ್ನು ಕೆಲಸದಿಂದ ಬಿಡಿಸಿದರು. ವಿಧವೆ, ಇಬ್ಬರು ಮಕ್ಕಳು. “ನಾನು ಮೇಷ್ಟ್ರಿಗೆ ಹೇಳಿದ್ದೆ” ಎಂದು ಒಮ್ಮೆ ಅಂದಳು. ನಾನು ಸುಮ್ಮನಿದ್ದುದನ್ನು ನೋಡಿ ಎರಡನೆಯ ಸಲ ಅನ್ನಲಿಲ್ಲ. ಈಗ ಮದುವೆಮನೆಗಳಲ್ಲಿ ಅಡಿಗೆಯವರ ಜೊತೆ ಕೆಲಸಕ್ಕೆ ಬರುತ್ತಾಳೆ. ನನ್ನನ್ನು ಕಂಡಾಗ, “ಊಟ ಆಯ್ತಾ ಮೇಷ್ಟ್ರೇ?” ಎಂದು ವಿಚಾರಿಸುತ್ತಾಳೆ. ಈ ಬರಹವನ್ನು ಪತ್ರಿಕೆಗೆ ಕಳುಹಿಸುವ ಮುನ್ನ ಆಕೆಯ ಮನೆಗೆ ಹೋಗಿ ಓದಿ ಹೇಳಿದೆನು. ಕೊನೆಯವರೆಗೆ ಕೇಳಿ, “ಹನ್ನೊಂದಲ್ಲ ಮೇಷ್ಟ್ರೇ, ಹನ್ನೆರಡು ಮಕ್ಕಳು. ನನ್ನ ಕಿರಿಯವನನ್ನು ನೀವು ಲೆಕ್ಕಕ್ಕೆ ಹಿಡಿದಿಲ್ಲ” ಎಂದಳು.

ಲವಂಗದ ವಿಷಯವನ್ನು ಮುಗಿಸುತ್ತೇನೆ. ಮಗಳಿಗೆ ಉತ್ತರ ಹೇಳುವ ಮುಂಚೆ ನಾನು ಬರೆದ ಚೀಟಿಯನ್ನು ಮತ್ತೆ ಓದಿದೆನು. “ಇದೆಲ್ಲ ನಿಮ್ಮಣ್ಣನ ತೋಟದ್ದೇ ಏನು?” ಎಂದು ಗೃಹಿಣಿಯನ್ನು ಕೇಳಿದೆನು. “ಅಲ್ಲಿಂದ ಬಂದದ್ದು ಸಾಲಲಿಲ್ಲ. ಮೇಲೊಂದು ನೂರು ಗ್ರಾಮು ಪೇಟೆಯಿಂದ ತರಿಸಿ ಬೆರೆಸಿದೆ. ನೀವು ಕೇಳಲೂ ಇಲ್ಲ, ನಾನು ಹೇಳಲೂ ಇಲ್ಲ” ಎಂದಳು. ಅಂಗಡಿಗೆ ಹೋದೆನು. “ಮಂಗಳೂರಿನಿಂದ ಬರುತ್ತೆ ಮೇಷ್ಟ್ರೇ. ಅದಕ್ಕೂ ಹಿಂದಿನದ್ದು ನಾನು ಕಂಡಿಲ್ಲ” ಎಂದರು ಶೆಟ್ಟರು. ನಮ್ಮ ದೇಶಕ್ಕೆ ಲವಂಗವು ಮಡಗಾಸ್ಕರ್, ಟಾಂಜಾನಿಯಾ, ಇಂಡೊನೇಷ್ಯಾ ಹೀಗೆ ನಾನಾ ಕಡೆಗಳಿಂದ ಬರುತ್ತಿರುವುದರಿಂದ, ಕಂಡಿಲ್ಲವೆಂದ ಅವರ ಮಾತನ್ನು ನಾನು ಒಪ್ಪಿಕೊಂಡೆನು.

ಬೆರೆತ ಲವಂಗವನ್ನು ಡಬ್ಬಿಯಲ್ಲಿ ನಮ್ಮ ಅಡಿಗೆಗೆ ಇಟ್ಟುಕೊಂಡು, ಮರುದಿನ ಬಸ್ಸಿನಲ್ಲಿ ಘಟ್ಟವಿಳಿದು ಭಾವನ ಮನೆಗೆ ಹೋದೆನು. ಮರಗಳನ್ನು ನೋಡಿದೆನು, ಅತ್ತಿಗೆಯವರು ಭರಣಿಯಲ್ಲಿ ಉಳಿದಿದ್ದುದನ್ನು ನನ್ನೆದುರಿಗೇ ಸುರಿದು ಕೊಟ್ಟರು. ಒಂದು ಹಿಡಿಯಷ್ಟಾಯಿತು. ಮನೆಗೆ ಬಂದು ಹೊಸ ಚೀಟಿಯನ್ನು ಬರೆದೆನು: “ಲವಂಗ. ಮಾವನ ತೋಟದ್ದು. ಮರವನ್ನು ನೋಡಿದ್ದೇನೆ, ಭರಣಿಯಿಂದ ನಾನೇ ತಂದಿದ್ದೇನೆ. ಯಂತ್ರದಲ್ಲಿ ಪರೀಕ್ಷಿಸಿಲ್ಲ. ಇಷ್ಟೇ ನನಗೆ ಗೊತ್ತು.” ಗೃಹಿಣಿಯು ಅದನ್ನು ಓದಿ, “ಹೀಗೆ ಬರೆದರೆ ಬಾಣಂತಿ ಹೆದರಿಕೊಳ್ಳುತ್ತಾಳೆ” ಎಂದಳು, ಆದರೂ ಚೀಟಿಯನ್ನು ಬದಲಿಸಲಿಲ್ಲ, ದಾರವನ್ನು ಬಿಗಿಯಾಗಿ ಕಟ್ಟಿದಳು. ಮಗಳು ಅದನ್ನು ಹಾಕಿಕೊಂಡಳೋ ಇಲ್ಲವೋ ನಾನು ಕೇಳಿಲ್ಲ.